ನೀರಗಂಟಿಯ ಜಾಯಿಂಟ್ ಫೋಟೋ

"ಮೇಷ್ಟ್ರೇ, ಚೌಕ, ಅಗಲ, ನಿಲುವು, ಈ ಮೂರರಲ್ಲಿ ಯಾವ ಚೌಕಟ್ಟು ದೊಡ್ಡದು?"

ಕೇಳಿದವನು ಸೋಮಲಿಂಗ. ಬಸವಂತಪ್ಪ ಮೇಷ್ಟರ ಬಳಿ ಫೋಟೋ ತೆಗೆಯುವುದನ್ನು ಕಲಿಯಲು ಬಂದು ಎರಡು ವರ್ಷವಾಗಿತ್ತು. ಅಂದು ಮೂರು ಕ್ಯಾಮೆರಾಗಳಲ್ಲಿ ತೆಗೆದ ಚಿತ್ರಗಳನ್ನು ತಂದು ಮೇಜಿನ ಮೇಲೆ ಹರಡಿದ್ದ. ಮೂರಕ್ಕೂ ಹಾಕಿದ್ದು ಒಂದೇ ಬಗೆಯ ದೊಡ್ಡ ಫಿಲ್ಮು, ಒನ್ ಟ್ವೆಂಟಿ ರೋಲು. ಒಂದು ಕ್ಯಾಮೆರಾದಲ್ಲಿ ಅದು ಹನ್ನೆರಡು ಚೌಕ ಚಿತ್ರಗಳನ್ನು ಕೊಡುತ್ತದೆ, ಇನ್ನೊಂದರಲ್ಲಿ ಎಂಟು ಅಗಲ ಚಿತ್ರಗಳನ್ನು, ಮತ್ತೊಂದರಲ್ಲಿ ಹದಿನಾರು ಸಣ್ಣ ನಿಲುವಿನ ಚಿತ್ರಗಳನ್ನು.

"ದೊಡ್ಡದು ಅಂದರೆ? ಅಳತೆಪಟ್ಟಿ ತಂದುಕೊಡಲೇ?" ಎಂದರು ಮೇಷ್ಟರು.

"ಹಾಗಲ್ಲ. ಸಂಯೋಜನೆ ಕಲಿಯುವವನು ಯಾವುದನ್ನು ಹಿಡಿಯಬೇಕು? ಯಾವುದರಲ್ಲಿ ತೆಗೆದರೆ ಚಿತ್ರ ನಿಜಕ್ಕೂ ಚಿತ್ರವಾಗುತ್ತದೆ?"

ಮೇಷ್ಟರು ಮೇಜಿನ ಮೇಲಿದ್ದ ಚಿತ್ರಗಳನ್ನು ನೋಡಲಿಲ್ಲ. "ಕೂತುಕೋ. ಒಂದು ಕತೆ ಹೇಳುತ್ತೇನೆ. ಮುಗಿಯುವವರೆಗೆ ಬಾಯಿ ಹಾಕಬೇಡ" ಎಂದು ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಫೋಟೋದವನಿದ್ದ. ಅವನ ಕೈ ಒಳ್ಳೆಯದು, ಕಣ್ಣು ಇನ್ನೂ ಒಳ್ಳೆಯದು. ಅದು ಅವನಿಗೂ ಗೊತ್ತಿತ್ತು. ಕೇಡು ಶುರುವಾದದ್ದೇ ಅಲ್ಲಿಂದ.

ನೀನು ಈಗ ಕೇಳಿದೆಯಲ್ಲ, ಅದಕ್ಕೆ ಅವನ ಬಳಿ ಉತ್ತರ ಸಿದ್ಧವಾಗಿತ್ತು. ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ. ಚೌಕದಲ್ಲಿ ಒಬ್ಬನನ್ನು ನಟ್ಟನಡುವೆ ಕೂರಿಸಬಹುದು, ನಾಲ್ಕು ಅಂಚುಗಳೂ ಅವನನ್ನು ಹಿಡಿದುಕೊಳ್ಳುತ್ತವೆ. ನಿಲುವಿನ ಚೌಕಟ್ಟಿನಲ್ಲಿ ಕಣ್ಣು ಏಣಿ ಹತ್ತಿದ ಹಾಗೆ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ಅಗಲದಲ್ಲಿ ಮಾತ್ರ ನಡುವೆ ಏನನ್ನೂ ಇಡಬಾರದು. ಎರಡು ಅಂಚಿಗೆ ಎರಡನ್ನು ಇಟ್ಟು ನಡುವಿನ ಜಾಗವನ್ನು ಹಾಗೇ ಬಿಡಬೇಕು, ಬಿಟ್ಟ ಜಾಗವೇ ಮಾತಾಡಬೇಕು. ಇದೆಲ್ಲ ಸುಳ್ಳೇನಲ್ಲ. ನಾನೂ ನಿನಗೆ ಇದನ್ನೇ ಹೇಳಿಕೊಟ್ಟಿದ್ದೇನೆ.

ಅವನ ಬಳಿ ಇದ್ದದ್ದು ಒಂದು ಮಡಚುವ ಕ್ಯಾಮೆರಾ. ಅದಕ್ಕೆ ಹಾಗೇ ಫಿಲ್ಮು ಹಾಕಿದರೆ ಎಂಟು ಅಗಲ ಚಿತ್ರಗಳು. ಫಿಲ್ಮು ಹಾಕುವ ಮೊದಲು ಒಳಗೆ ಒಂದು ತಗಡಿನ ಚೌಕಟ್ಟು ಕೂರಿಸಿದರೆ ಎರಡು ಪಕ್ಕಗಳು ಮುಚ್ಚಿಹೋಗುತ್ತವೆ, ನಡುವಿನ ಭಾಗ ಮಾತ್ರ ಫಿಲ್ಮಿಗೆ ಬೀಳುತ್ತದೆ. ಆಗ ಅದೇ ರೋಲಿನಲ್ಲಿ ಹದಿನಾರು ನಿಲುವಿನ ಚಿತ್ರಗಳು. ಆದರೆ ಕಣ್ಣಿಟ್ಟು ನೋಡುವ ಕಿಂಡಿ ಇರುತ್ತದಲ್ಲ, ಅದಕ್ಕೆ ಒಳಗಿನ ತಗಡಿನ ಸುದ್ದಿಯೇ ಗೊತ್ತಿಲ್ಲ. ಅದು ತನ್ನ ಪಾಡಿಗೆ ಅಗಲವಾಗಿಯೇ ತೋರಿಸುತ್ತದೆ. ಅದಕ್ಕೆಂದೇ ಕಿಂಡಿಯ ಮೇಲೆ ರೆಪ್ಪೆಯ ಹಾಗೆ ಒಂದು ಸಣ್ಣ ಮುಚ್ಚಳ ಇಟ್ಟಿರುತ್ತಾರೆ. ಒಳಗೆ ತಗಡು ಹಾಕಿದ ದಿನ ಅದನ್ನೂ ಇಳಿಸಬೇಕು. ಇಳಿಸದಿದ್ದರೆ ನೀನು ನೋಡಿದ್ದೊಂದು, ಫಿಲ್ಮು ನೋಡಿದ್ದೊಂದು ಆಗುತ್ತದೆ.

ಅವನ ಹೊಟ್ಟೆಪಾಡು ನಡೆಯುತ್ತಿದ್ದದ್ದು ಪಾಸ್‌ಪೋರ್ಟ್ ಫೋಟೋಗಳಿಂದ. ಪರೀಕ್ಷೆಯ ಅರ್ಜಿಗೆ ಒಂದು ಮುಖ, ಬಸ್ ಪಾಸಿಗೆ ಒಂದು ಮುಖ. ಅವಕ್ಕೆಲ್ಲ ಹದಿನಾರರ ತಗಡು. "ಸಂತೆಯಲ್ಲಿ ಕುಂಬಳಕಾಯಿ ಜೋಡಿಸಿದ ಹಾಗೆ ದಿನವಿಡೀ ಮುಖ ಜೋಡಿಸಬೇಕಲ್ಲಪ್ಪ" ಎಂದು ಬೈದುಕೊಂಡೇ ತೆಗೆಯುತ್ತಿದ್ದ. ಭಾನುವಾರ ಬಂತೆಂದರೆ ತಗಡು ತೆಗೆದಿಟ್ಟು ಅಗಲ ಚಿತ್ರ ತೆಗೆಯಲು ಹೊರಗೆ ಹೋಗುತ್ತಿದ್ದ. ಅವನ್ನು ಸ್ಪರ್ಧೆಗಳಿಗೆ ಕಳಿಸುತ್ತಿದ್ದ. ಪದಕ ಬಂದಿರಲಿಲ್ಲ. ಪದಕ ಬಾರದ್ದಕ್ಕೆ ಊರಿನ ಮುಖಗಳೇ ಕಾರಣವೆಂದು ಅವನ ಎಣಿಕೆ. ಕುಣಿಯಲಾರದವಳಿಗೆ ನೆಲ ಡೊಂಕು!

ಅದೇ ಊರಿನ ಪುರಸಭೆಯಲ್ಲಿ ಬೀದಿ ಬೀದಿಗೆ ನೀರು ಬಿಡುವ ಕೆಲಸದವನೊಬ್ಬನಿದ್ದ. ಜನ ಅವನನ್ನು ನೀರಗಂಟಿ ಎಂದೇ ಕರೆಯುತ್ತಿದ್ದರು. ಮೊದಲ ಹೆಂಡತಿ ತೀರಿಕೊಂಡ ಮೇಲೆ ಗಂಡ ಸತ್ತ ಹೆಂಗಸೊಬ್ಬಳನ್ನು ಉಡಿಕೆ ಮಾಡಿಕೊಂಡಿದ್ದ. ಉಡಿಕೆ ಅಂದರೆ ಗೊತ್ತಲ್ಲ? ವಾಲಗವಿಲ್ಲ, ಮುಹೂರ್ತವಿಲ್ಲ, ಲಗ್ನಪತ್ರಿಕೆ ಇಲ್ಲ. ನಾಲ್ಕು ಜನ ಹಿರಿಯರ ಮುಂದೆ ಒಂದು ಸೀರೆ ಉಡಿಸಿ ಮನೆಗೆ ಕರೆದುಕೊಳ್ಳುವುದು. ಹಾಗೆ ಬಂದವಳು ಅವನೊಡನೆ ಇಪ್ಪತ್ತೆಂಟು ವರ್ಷ ಬಾಳಿದಳು. ಮಕ್ಕಳಾಗಲಿಲ್ಲ. ಸಾಕ್ಷಿಗೆ ಕೂತಿದ್ದ ನಾಲ್ವರು ಹಿರಿಯರೂ ಒಬ್ಬೊಬ್ಬರಾಗಿ ಹೋದರು. ಊರಿಗೆಲ್ಲ ಅವಳು ನೀರಗಂಟಿಯ ಹೆಂಡತಿ. ಕಚೇರಿಯ ಪುಸ್ತಕದಲ್ಲಿ ಮಾತ್ರ ಹೆಂಡತಿಯ ಜಾಗದಲ್ಲಿ ಸತ್ತವಳ ಹೆಸರೇ ಇತ್ತು. ಅದನ್ನು ಬದಲಿಸಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ನಿವೃತ್ತಿಯಾದಾಗ ಗುಮಾಸ್ತ ಅದನ್ನು ಕಂಡುಹಿಡಿದ. ಒಳ್ಳೆಯ ಮನುಷ್ಯ. ನೀರಗಂಟಿಯನ್ನು ಕರೆದು ಬಿಡಿಸಿ ಹೇಳಿದ. "ನೋಡಪ್ಪ, ಗಂಡ ಹೆಂಡ್ತಿ ಪಕ್ಕಪಕ್ಕ ಕೂತು ಒಂದು ಜಾಯಿಂಟ್ ಫೋಟೋ ತೆಗೆಸ್ಕೊಂಡು ಬಾ. ಇವಳೇ ನನ್ನ ಹೆಂಡ್ತಿ ಅಂತ ಸಾಹೇಬರ ಮುಂದೆ ನೀನೇ ಹೇಳಿ ಅದರ ಕೆಳಗೆ ಸಹಿ ಹಾಕು. ಮುಗೀತು. ನಾಳೆ ನೀನು ಹೋದರೂ ಪಿಂಚಣಿ ಅವಳಿಗೆ ಬರ್ತದೆ, ಅನ್ನಕ್ಕೆ ಮೋಸ ಇಲ್ಲ. ಆದರೆ ತಡ ಮಾಡಬೇಡ." ತಡ ಮಾಡಬೇಡ ಎಂದು ಯಾಕೆ ಹೇಳಿದನೆಂದರೆ, ನೀರಗಂಟಿಯ ಕೆಮ್ಮು ಅವನಿಗೂ ಕೇಳಿಸುತ್ತಿತ್ತು.

ಮಾರನೆಯ ಬೆಳಿಗ್ಗೆಯೇ ಗಂಡ ಹೆಂಡತಿ ಮಾಳಿಗೆ ಹತ್ತಿ ಸ್ಟುಡಿಯೋಗೆ ಬಂದರು. ಇಪ್ಪತ್ತೆಂಟು ವರ್ಷದಲ್ಲಿ ಇಬ್ಬರೂ ಜೊತೆಯಾಗಿ ಕ್ಯಾಮೆರಾ ಮುಂದೆ ಕೂತದ್ದು ಅದೇ ಮೊದಲು. ಒಂದು ಉದ್ದನೆಯ ಬೆಂಚಿತ್ತು. ಅದರ ನಡುವೆ ಭುಜಕ್ಕೆ ಭುಜ ತಾಗಿಸಿ ಕೂತರು. ಹೆಂಗಸು ಸೆರಗು ಸರಿಮಾಡಿಕೊಂಡು, "ಸ್ವಾಮಿ, ಇಬ್ಬರ ಮುಖಾನೂ ಚೆನ್ನಾಗಿ ಕಾಣಬೇಕು. ಆಫೀಸಿಗೆ ಕೊಡೋದು" ಎಂದಳು.

ಅವನು ಅಂದು ಒಳಗೆ ಹದಿನಾರರ ತಗಡು ಹಾಕಿದ್ದ. ಕಿಂಡಿಯ ರೆಪ್ಪೆಯೂ ಇಳಿದಿತ್ತು. ಅರ್ಧ ರೋಲು ಮುಗಿದಿತ್ತು. ಕಿಂಡಿಗೆ ಕಣ್ಣಿಟ್ಟರೆ ನಿಲುವಿನ ಚೌಕಟ್ಟಿನೊಳಗೆ ಎರಡು ಮುಖಗಳೂ ಅಚ್ಚುಕಟ್ಟಾಗಿ ಕೂತಿದ್ದವು. ಒತ್ತಿದ್ದರೆ ಮುಗಿದೇ ಹೋಗುತ್ತಿತ್ತು. ಕತೆಯೂ ಇರುತ್ತಿರಲಿಲ್ಲ.

ಅಷ್ಟರಲ್ಲಿ ಕಿಟಕಿಯ ಬಿಸಿಲು ಹಿಂದಿನ ಗೋಡೆಯ ಮೇಲೆ ಬಿತ್ತು. ಅವನ ಒಳಗಿದ್ದ ಭಾನುವಾರದ ಮನುಷ್ಯ ಎದ್ದು ಕೂತ. ಅಗಲವಾಗಿ ಹೇಗೆ ಕಾಣುತ್ತದೋ ನೋಡೋಣ ಎಂದು ತಾನೇ ಬೆರಳಿನಿಂದ ರೆಪ್ಪೆ ಎತ್ತಿದ. ಉದ್ದ ಬೆಂಚು, ಬರಿ ಗೋಡೆ, ಬಿಸಿಲು. ಇಬ್ಬರು ಮುದುಕರು ಒಬ್ಬೊಬ್ಬರು ಒಂದೊಂದು ತುದಿಯಲ್ಲಿ ಕೂತರೆ ನಡುವೆ ಇಪ್ಪತ್ತೆಂಟು ವರ್ಷ! ಅಬ್ಬಾ ಎಂದುಕೊಂಡ. ಕಿಂಡಿಯ ರೆಪ್ಪೆ ಎತ್ತಿದವನಿಗೆ ಒಳಗಿನ ತಗಡು ನೆನಪಾಗಲಿಲ್ಲ. ನೆನಪಾಗುವ ಹೊತ್ತೂ ಅದಲ್ಲ. ಮನಸ್ಸು ಆಗಲೇ ಸ್ಪರ್ಧೆಯ ಪಟ್ಟಿಯಲ್ಲಿ ತನ್ನ ಹೆಸರು ಹುಡುಕುತ್ತಿತ್ತು.

"ಯಜಮಾನ, ನೀನು ಆ ತುದಿಗೆ ಹೋಗು. ಅಮ್ಮಾ, ನೀನು ಈ ತುದಿಗೆ ಬಾ. ಇಬ್ಬರೂ ಒಂದೊಂದು ಕೈ ಬೆಂಚಿನ ಮೇಲೆ ಒಳಗಡೆಗೆ ಚಾಚಿ ಇಡಿ" ಎಂದ.

"ಇಲ್ಲೇ ಕೂತಿರ್ತೀವಿ ಸ್ವಾಮಿ, ಪಕ್ಕದಲ್ಲೇ ಇರಬೇಕು ಅಂತ ಹೇಳಿದ್ದಾರೆ" ಎಂದ ನೀರಗಂಟಿ.

"ನಿನ್ನ ನಲ್ಲಿ ತಿರುಗಿಸೋಕೆ ನಾನು ಬರ್ತೀನೇನಯ್ಯ? ನನ್ನ ಕೆಲಸ ನನಗೆ ಬಿಡು."

ದೊಡ್ಡ ಮಾತಿಗೆ ಎದುರಾಡಿ ಆ ಮನುಷ್ಯನಿಗೆ ಅಭ್ಯಾಸವಿರಲಿಲ್ಲ. ಎದ್ದು ಆ ತುದಿಗೆ ಹೋದ. ಹೆಂಡತಿ ಈ ತುದಿಗೆ ಬಂದಳು. ಫೋಟೋದವನು ಒಂದೇ ಒಂದು ಚಿತ್ರ ತೆಗೆದ. ಎರಡನೆಯದು ತೆಗೆಯುವವನು ಕಣ್ಣಿಲ್ಲದವನು ಎಂಬುದೂ ಅವನ ಉಪದೇಶಗಳಲ್ಲಿ ಒಂದು.

ಫಿಲ್ಮು ತೊಳೆದು ಬೆಳಕಿಗೆ ಹಿಡಿದ. ಮುಖಗಳಿರಲಿಲ್ಲ. ನಡುವಿನ ಗೋಡೆ ಇತ್ತು, ಬೆಂಚಿತ್ತು, ಬಿಸಿಲಿತ್ತು. ಈ ಅಂಚಿನಿಂದ ಒಂದು ಕೈ, ಆ ಅಂಚಿನಿಂದ ಒಂದು ಕೈ ಒಳಗೆ ಬಂದಿದ್ದವು. ಗಂಡ ಹೆಂಡತಿ ಇಬ್ಬರೂ ತಗಡಿನ ಹಿಂದೆ ಉಳಿದುಬಿಟ್ಟಿದ್ದರು.

ಅಲ್ಲಿಯವರೆಗೆ ಅದು ಮರೆವು. ಮರೆವು ಯಾರಿಗೆ ಬರುವುದಿಲ್ಲ? ನನಗೂ ಬಂದಿದೆ. ನೀರಗಂಟಿಯ ಮನೆ ಎರಡು ಬೀದಿ ಆಚೆ. ಹೋಗಿ "ತಪ್ಪಾಯಿತು, ಇನ್ನೊಂದು ಸಲ ಬಂದು ಕೂರಿ" ಎಂದಿದ್ದರೆ ಅರ್ಧ ಗಂಟೆಯ ಕೆಲಸ. ಆದರೆ ತಗಡು ಮರೆಯುವುದು ನಿನ್ನೆ ಮೊನ್ನೆ ಕಲಿತವರ ತಪ್ಪು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ! ಹೋಗಲಿ, ಫಿಲ್ಮೇ ಕೆಟ್ಟುಹೋಯಿತು ಎಂದು ಒಂದು ಸುಳ್ಳನ್ನಾದರೂ ಹೇಳಬಹುದಿತ್ತು. ಆ ಸುಳ್ಳು ಪುಣ್ಯದ ಕೆಲಸವಾಗುತ್ತಿತ್ತು. ಅದನ್ನೂ ಹೇಳಲಿಲ್ಲ. ಯಾಕೆ ಗೊತ್ತೇ? ಅದನ್ನು ಇನ್ನೊಮ್ಮೆ ಬೆಳಕಿಗೆ ಹಿಡಿದಾಗ ಅವನಿಗೆ ಅದು ಚೆನ್ನಾಗಿ ಕಂಡಿತು. ಮೂರನೆಯ ಸಲ ಹಿಡಿದಾಗ ಬಹಳ ಚೆನ್ನಾಗಿ ಕಂಡಿತು. ಎರಡು ಕೈ, ನಡುವೆ ಬಿಸಿಲು, ಮೇಲಕ್ಕೆ ಏರುವ ಬರಿ ಗೋಡೆ. ಈಗ ಅದೇ ದಂಪತಿಯನ್ನು ಕರೆಸಿ ಎರಡನೆಯದು ತೆಗೆದರೆ ಮೊದಲನೆಯದು ತಪ್ಪು ಎಂದಾಗುತ್ತದೆ. ತಪ್ಪಿಗೆ ಯಾರೂ ಪದಕ ಕೊಡುವುದಿಲ್ಲ.

ನೀರಗಂಟಿ ಫೋಟೋ ಕೇಳಲು ಬಂದ. ಫೋಟೋ ತೊಳೆಯುವ ಔಷಧಿ ಮುಗಿದಿದೆ, ನಾಳೆ ಬಾ ಎಂದ ಫೋಟೋದವನು. ನೀರಗಂಟಿ ಮತ್ತೆ ಬಂದ. ಕರೆಂಟಿಲ್ಲ, ನಾಳೆ ಬಾ ಎಂದ. ದರ್ಜಿಯ ನಾಳೆ, ಅಕ್ಕಸಾಲಿಯ ನಾಳೆ, ನಮ್ಮ ಕಸುಬಿನವರ ನಾಳೆ, ಇವು ಪಂಚಾಂಗದಲ್ಲಿ ಇಲ್ಲದ ದಿನಗಳು. ಮೂರನೆಯ ಸಲ ಬಂದಾಗ ನೀರಗಂಟಿಗೆ ಮೆಟ್ಟಿಲು ಹತ್ತಲಾಗಲಿಲ್ಲ. ಬೀದಿಯಲ್ಲೇ ನಿಂತು ಕೂಗಿದ. ಕೂಗಿಗಿಂತ ಕೆಮ್ಮೇ ಹೆಚ್ಚು ಕೇಳಿಸಿತು. ಫೋಟೋದವನು ಕಿಟಕಿಯಿಂದ ಬಗ್ಗಿ, "ನಾಳೆ ಖಂಡಿತ" ಎಂದ. ಆಗ ಅವನು ಸ್ಪರ್ಧೆಗೆ ಕಳಿಸಲು ಎರಡು ಕೈಗಳ ಆ ಚಿತ್ರವನ್ನು ದೊಡ್ಡದಾಗಿ ಮಾಡಿ ರಟ್ಟಿಗೆ ಅಂಟಿಸುತ್ತಿದ್ದ. ಕೆಳಗೆ ಹೆಸರನ್ನೂ ಬರೆದಾಗಿತ್ತು, 'ದಾಂಪತ್ಯ' ಎಂದು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂದು ಸುಮ್ಮನೆ ಹೇಳುವುದಿಲ್ಲ.

ಆ ವಾರವೇ ನೀರಗಂಟಿ ಸತ್ತ.

ಮಣ್ಣು ಮಾಡಿದ ಮೂರನೆಯ ದಿನ ಅವನ ಅಣ್ಣನ ಮಕ್ಕಳು ಪಕ್ಕದೂರಿನಿಂದ ಬಂದರು. ಇರುವಾಗ ಒಂದು ದಿನ ಬಂದು ಚಿಕ್ಕಪ್ಪ ಎಂದವರಲ್ಲ. ಮನೆಗೆ ಬೀಗ ಹಾಕಿದರು. ಅವಳು ಯಾರು ಎಂದು ಕಚೇರಿಯವರು ಕೇಳಿದರೆ, "ಅಡುಗೆ ಮಾಡಿ ಹಾಕೋಕೆ ಇಟ್ಕೊಂಡಿದ್ದ ಹೆಂಗಸು" ಎಂದು ಹೇಳಿಕೆ ಬರೆದುಕೊಟ್ಟರು. ಅಡುಗೆ ಮಾಡಿ ಹಾಕಿದ್ದು ನಿಜ. ಗಂಡನಿಗೆ ಹೆಂಡತಿ ಮತ್ತೇನು ಹಾಕುತ್ತಾಳೆ? ಅರ್ಜಿ ಹಿಡಿದು ಅವಳು ಎರಡು ತಿಂಗಳು ಕಚೇರಿಗೆ ಅಲೆದಳು. ಕೊನೆಗೆ ಗುಮಾಸ್ತ ಅವಳನ್ನು ಮೆಲ್ಲಗೆ ಪಕ್ಕಕ್ಕೆ ಕರೆದು, "ಅಮ್ಮಾ, ಅವತ್ತು ನೀವಿಬ್ಬರೂ ಫೋಟೋ ತೆಗೆಸಿದ್ರಲ್ಲ, ಅದನ್ನು ತಗೊಂಡು ಬನ್ನಿ. ಸಹಿ ಇಲ್ಲದಿದ್ದರೂ ನಡೀತದೆ. ಅವನ ಪಕ್ಕದಲ್ಲಿ ನೀವು ಕೂತಿದ್ದು ಕಂಡರೆ ಸಾಹೇಬರಿಗೆ ನಾನು ಹೇಳ್ತೀನಿ" ಎಂದ.

ಹೆಂಗಸು ಮಾಳಿಗೆ ಹತ್ತಿ ಬಂದಳು. ಅದೇ ದಿನ ಚಿತ್ರ ಪ್ರದರ್ಶನದಿಂದ ಹಿಂದಿರುಗಿತ್ತು. ಮೊದಲ ಬಹುಮಾನ. ಹಿಂದೆ ಮೊಹರು, ಜೊತೆಗೆ ಪದಕ. ಫೋಟೋದವನು ಹಿಗ್ಗಿನಲ್ಲಿದ್ದ. ಅವಳನ್ನು ಕಂಡು ಒಂದು ಕ್ಷಣ ಮುಖ ಸಣ್ಣದಾಯಿತು. ಆದರೆ ಹಿಗ್ಗು ದೊಡ್ಡದು ನೋಡು, ನಾಚಿಕೆಯನ್ನು ನುಂಗಿಬಿಡುತ್ತದೆ. ಚಿತ್ರವನ್ನು ತಂದು ಅವಳ ಕೈಗೇ ಕೊಟ್ಟ.

ಅವಳು ಎರಡು ಕೈಯಲ್ಲಿ ಹಿಡಿದು ನೋಡಿದಳು. ತಿರುಗಿಸಿ ನೋಡಿದಳು. ಮತ್ತೆ ನೋಡಿದಳು.

"ಇದರಲ್ಲಿ ನಾವೆಲ್ಲಿ ಸ್ವಾಮಿ?"

"ಇದೇ ನಿನ್ನ ಕೈ. ಇದೇ ಅವನದು."

ಅವಳು ಗಂಡನ ಕೈಯ ಮೇಲೆ ಬೆರಳಿಟ್ಟಳು. ವಾಲ್ವಿನ ಕಬ್ಬಿಣದ ಕೀಲಿ ತಿರುಗಿಸಿ ತಿರುಗಿಸಿ ಅವನ ತೋರುಬೆರಳು ಸೊಟ್ಟಗಾಗಿತ್ತು. ಚಿತ್ರದಲ್ಲಿ ಆ ಸೊಟ್ಟ ಕೂಡ ನಿಚ್ಚಳವಾಗಿ ಬಂದಿತ್ತು. ಅಷ್ಟು ಒಳ್ಳೆಯ ಲೆನ್ಸು ಅವನದು. "ಹೌದು, ಇವರದೇ" ಎಂದಳು. ಕಣ್ಣಲ್ಲಿ ನೀರು ಬಂತು. ಆಮೇಲೆ ಕೇಳಿದಳು. "ಮುಖ?"

ಮಗೂ, ಇಲ್ಲಿಯಾದರೂ ಅವನು ನಿಜ ಹೇಳಬಹುದಿತ್ತು. ಅವಳ ಜೊತೆ ಕಚೇರಿಗೆ ಹೋಗಿ, ಇವರಿಬ್ಬರೂ ನನ್ನ ಮುಂದೆ ಗಂಡ ಹೆಂಡತಿಯಾಗಿ ಕೂತಿದ್ದರು, ಮುಖ ಬಾರದ್ದು ನನ್ನ ತಪ್ಪು ಎಂದು ಬರೆದುಕೊಡಬಹುದಿತ್ತು. ಆ ಗುಮಾಸ್ತನಿಗೆ ಅಷ್ಟು ಸಾಕಾಗುತ್ತಿತ್ತು. ಆದರೆ ಬಹುಮಾನ ಕೊಟ್ಟವರು ಬರೆದಿದ್ದೇನು? ಮುಖಗಳನ್ನು ಹೊರಗಿಟ್ಟ ಕಲಾವಿದನ ಧೈರ್ಯ, ಎಂದು. ಧೈರ್ಯವಂತನೆಂದು ಹೆಸರಾದವನು ಮರೆವಿನವನೆಂದು ಹೇಗೆ ಬರೆದುಕೊಡುತ್ತಾನೆ?

"ಮುಖ ಇಲ್ಲದ್ದೇ ಇದರ ದೊಡ್ಡತನ ಅಮ್ಮಾ. ನಾನೇ ಬೇಕೆಂದು ಬಿಟ್ಟಿದ್ದು. ನಿನಗೆ ಅರ್ಥವಾಗುವುದಿಲ್ಲ" ಎಂದ.

ಅವಳು ಚಿತ್ರವನ್ನು ಸೆರಗಿನಲ್ಲಿ ಸುತ್ತಿಕೊಂಡು ಕಚೇರಿಗೆ ನಡೆದಳು. ಇಷ್ಟು ದೊಡ್ಡ ಫೋಟೋ, ಹಿಂದೆ ಮೊಹರು ಬೇರೆ ಇದೆ, ಸರ್ಕಾರದವರು ಒಪ್ಪಬಹುದು ಎಂದು ಅವಳ ಲೆಕ್ಕ. ಪಾಪದ ಹೆಂಗಸು.

ಗುಮಾಸ್ತ ಅದನ್ನು ಮೇಜಿನ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದ. ಸಾಹೇಬರ ಕೋಣೆಗೆ ತೆಗೆದುಕೊಂಡು ಹೋದ. ಸಾಹೇಬರು ಕಲೆ ತಿಳಿದವರು. ಚಿತ್ರ ಬಹಳ ಚೆನ್ನಾಗಿದೆ ಎಂದರು. ಯಾರು ತೆಗೆದದ್ದು ಎಂದು ವಿಚಾರಿಸಿದರು. ಆಮೇಲೆ, ಇದು ಅರ್ಜಿಗೆ ಆಗುವುದಿಲ್ಲ, ಮುಖ ಬೇಕು ಎಂದರು. ಗುಮಾಸ್ತ ಹೊರಗೆ ಬಂದ. ಅವಳ ಕಡೆ ನೋಡಲಾರದೆ ಕಡತ ತೆರೆದು, 'ದಂಪತಿಗಳ ಜಂಟಿ ಭಾವಚಿತ್ರ ಲಗತ್ತಿಸಿರುವುದಿಲ್ಲ' ಎಂದು ಬರೆದು ದಾರ ಕಟ್ಟಿದ. ಇಪ್ಪತ್ತೆಂಟು ವರ್ಷದ ಸಂಸಾರ ಆ ದಾರದೊಳಗೆ ಮುಗಿಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಫೋಟೋದವನಿಗೆ ಆ ವರ್ಷ ಊರಿನ ಪುರಭವನದಲ್ಲಿ ಶಾಲು ಹೊದಿಸಿದರು. ಸಾಹೇಬರೇ ಹೊದಿಸಿದರು. ಅಂದು ಅವನು ಸಂಯೋಜನೆಯ ಮೇಲೆ ಒಂದು ಭಾಷಣ ಮಾಡಿದ. ಚೌಕಟ್ಟಿಗೆ ಏನನ್ನು ತರಬೇಕು ಎನ್ನುವುದಕ್ಕಿಂತ ಏನನ್ನು ಬಿಡಬೇಕು ಎಂದು ತಿಳಿದವನೇ ಕಲಾವಿದ ಎಂದ. ಜನ ಚಪ್ಪಾಳೆ ತಟ್ಟಿದರು. ಮಾತು ಚೆನ್ನಾಗಿಯೇ ಇದೆ. ಈಗಲೂ ನಮ್ಮ ಕಸುಬಿನವರು ಅದನ್ನು ಹೇಳುತ್ತಿರುತ್ತಾರೆ.

ಮೇಷ್ಟರು ಅಲ್ಲಿಗೆ ನಿಲ್ಲಿಸಿದರು.

ಸೋಮಲಿಂಗ ಕಾದ. ಅವನ ಕಣ್ಣು ಹೊಳೆಯುತ್ತಿತ್ತು. ಮೇಜಿನ ಮೇಲಿದ್ದ ಒಂದು ಅಗಲ ಚಿತ್ರವನ್ನು ತೆಗೆದುಕೊಂಡು, ಎರಡು ಪಕ್ಕಗಳನ್ನೂ ಅಂಗೈಯಿಂದ ಮುಚ್ಚಿ, ನಡುವಿನ ಭಾಗವನ್ನಷ್ಟೇ ನೋಡಿದ.

"ಮೇಷ್ಟ್ರೇ, ಆ ಚಿತ್ರ ಈಗ ಎಲ್ಲಿದೆ? ಒಂದು ಸಲ ನೋಡೋಕೆ ಸಿಗುತ್ತದೆಯೇ?"

ಮೇಷ್ಟರು ಶಿಷ್ಯನ ಮುಖವನ್ನೇ ನೋಡುತ್ತಾ ಹೇಳಿದರು.

"ಆ ಹೆಂಗಸು ಆಮೇಲೆ ಎಲ್ಲಿಗೆ ಹೋದಳು ಅಂತ ಕೇಳ್ತೀಯೇನೋ ಎಂದು ಕಾಯುತ್ತಿದ್ದೆ ಕಣಯ್ಯಾ."